ಅಳಿದ ರೈಲ್ವೆಯ ಬಣ್ಣ, ನಮ್ಮ ಊಟದ ಟೇಬಲ್ ಮೇಲೆ

ಇದು ನೋಡಿ, ಉದ್ದ ಸುಮಾರು ಒಂಬತ್ತೂವರೆ ಸೆಂಟಿಮೀಟರ್, ಅಷ್ಟೇ. ಎಫ್7 ಎಂಬ ಡೀಸೆಲ್ ರೈಲು ಎಂಜಿನ್‌ನ ಮಾಡೆಲ್, ಎನ್ ಸ್ಕೇಲ್ ಅನ್ನುವ ಅಳತೆಯಲ್ಲಿ. ಅಂದರೆ ನಿಜವಾದ ಎಂಜಿನ್ ಇದಕ್ಕಿಂತ 160 ಪಟ್ಟು ಉದ್ದ. ಹಳಿಯ ಅಗಲ 9 ಮಿಲಿಮೀಟರ್. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ಒಂದು ಸುತ್ತು ಹಳಿ ಹಾಕಬೇಕು ಅಂದರೆ ಈ ಅಳತೆಯೇ ಸರಿ. ಅಮೆರಿಕದಿಂದ ರಜೆಗೆ ಬಂದ ನನ್ನ ಅತ್ತೆ ಮಗ ಸ್ವೆಟರ್ ಒಳಗೆ ಸುತ್ತಿ ತಂದುಕೊಟ್ಟ.

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಮೂತಿ ಪೂರ್ತಿ ಕೆಂಪು. ಆ ಕೆಂಪು ಹಾಗೇ ಬಾಗಿ ಹಿಂದಕ್ಕೆ ಹರಿದು ಬೆಳ್ಳಿ ಬಣ್ಣಕ್ಕೆ ಸೇರುವ ಕಡೆ ಒಂದು ಹಳದಿ ಪಟ್ಟಿ, ಅದರ ಅಂಚಿಗೆ ತೆಳ್ಳಗೆ ಕಪ್ಪು ಗೆರೆ. ಅಮೆರಿಕದ ಸಾಂಟಾ ಫೆ ರೈಲ್ವೆಯ ಈ ಬಣ್ಣಕ್ಕೆ ವಾರ್‌ಬಾನೆಟ್ ಅಂತ ಹೆಸರು. ಅಲ್ಲಿನ ಮೂಲನಿವಾಸಿಗಳ ಗರಿಯ ಕಿರೀಟದ ಆಕಾರ ಅದು. ಜನರಲ್ ಮೋಟರ್ಸ್‌ನಲ್ಲಿದ್ದ ಲೀಲ್ಯಾಂಡ್ ನಿಕರ್‌ಬಾಕರ್ ಎಂಬ ಕಲಾವಿದ ಬರೆದದ್ದು. 1937ರಲ್ಲಿ ಶಿಕಾಗೊ–ಲಾಸ್ ಏಂಜಲೀಸ್ ನಡುವೆ ಓಡುತ್ತಿದ್ದ ಸೂಪರ್ ಚೀಫ್ ಗಾಡಿಯ ಎಂಜಿನ್‌ಗೆ ಬಂತು. ಗಾಡಿಯ ಡಬ್ಬಿಗಳು ಸ್ಟೇನ್‌ಲೆಸ್ ಸ್ಟೀಲಿನವು, ಹೊಳೆಯುವ ಡಬ್ಬಿಯ ಮುಂದೆ ಈ ಕೆಂಪು ಮೂತಿ ಹೇಗೆ ಕಂಡಿರಬೇಡ, ಅಲ್ವಾ?

1995ರಲ್ಲಿ ಸಾಂಟಾ ಫೆ ಇನ್ನೊಂದು ರೈಲ್ವೆಯ ಜೊತೆ ಒಂದಾಯಿತು. ಸಾಂಟಾ ಫೆ ಅನ್ನುವ ಪ್ರತ್ಯೇಕ ರೈಲ್ವೆ ಇಲ್ಲವಾಯಿತು, ಬರಬರುತ್ತಾ ಹೊಸ ಎಂಜಿನ್‌ಗಳಿಗೆ ಕಿತ್ತಳೆ ಬಂತು. ಅಮೆರಿಕದ ರೈಲ್ವೆ ಕಂಪನಿಗಳ ಕಥೆ ಬಹಳಷ್ಟು ಹೀಗೇ. ಹಳಿ ಉಳಿಯುತ್ತದೆ, ಮೊದಲು ಹೋಗುವುದು ಬಣ್ಣ. ಅದನ್ನು ಕೆಲವು ಕಂಪನಿಗಳು ತಾವೇ ನೆನೆಸಿಕೊಂಡಿವೆ. ಯೂನಿಯನ್ ಪೆಸಿಫಿಕ್ 2005–06ರಲ್ಲಿ ತನ್ನೊಳಗೆ ಸೇರಿಹೋದ ಆರು ರೈಲ್ವೆಗಳ ನೆನಪಿಗೆ ಆರು ಹೊಸ ಎಂಜಿನ್‌ಗಳಿಗೆ ಹಳೆಯ ಬಣ್ಣಗಳನ್ನು ಹೊಂದಿಸಿ ಬಳಿಯಿತು. ಸದರ್ನ್ ಪೆಸಿಫಿಕ್ ನೆನಪಿನ ಎಂಜಿನ್ ನಂಬರ್ ಏನು ಗೊತ್ತಾ? 1996. ಆ ರೈಲ್ವೆ ಇವರಲ್ಲಿ ಸೇರಿದ ವರ್ಷ! 2012ರಲ್ಲಿ ನಾರ್ಫೋಕ್ ಸದರ್ನ್ ಇಪ್ಪತ್ತು ಎಂಜಿನ್‌ಗಳಿಗೆ ಇದೇ ರೀತಿ ಮಾಡಿತು. ಅವುಗಳ ಮಾಡೆಲ್‌ಗಳೂ ಬಂದಿವೆ, ಬೇಗ ಖಾಲಿಯೂ ಆಗುತ್ತವೆ.

ಯಾಕೆ ಖಾಲಿಯಾಗುತ್ತವೆ ಅಂದರೆ, ಇವನ್ನು ಅಂಗಡಿಯಲ್ಲಿ ವರ್ಷವಿಡೀ ಸಿಗಲಿ ಅಂತ ಮಾಡುವುದಿಲ್ಲ. ಎಷ್ಟೋ ತಯಾರಕರು ಮೊದಲು ಚಿತ್ರ ತೋರಿಸುತ್ತಾರೆ, ಬುಕಿಂಗ್‌ಗೆ ಕೊನೇ ದಿನ ಹೇಳುತ್ತಾರೆ, ಬಂದ ಆರ್ಡರ್ ನೋಡಿಕೊಂಡು ಎಷ್ಟು ಮಾಡಬೇಕು ಅಂತ ತೀರ್ಮಾನಿಸುತ್ತಾರೆ. ಅಚ್ಚು ಮಾಡಿಸುವುದೇ ದೊಡ್ಡ ಖರ್ಚು. ಹಾಗಾಗಿ ಒಂದೇ ಅಚ್ಚಿನ ಎಂಜಿನ್ ಈ ಸಲ ಒಂದು ರೈಲ್ವೆಯ ಬಣ್ಣದಲ್ಲಿ, ಮುಂದಿನ ಸಲ ಇನ್ನೊಂದರ ಬಣ್ಣದಲ್ಲಿ ಬರುತ್ತದೆ. ಹೋದ ವರ್ಷ ನಾನು ಎರಡು ದಿನ ಯೋಚಿಸುತ್ತಾ ಕೂತೆ, ಬೇಕಾಗಿದ್ದ ನಂಬರಿನ ಎಂಜಿನ್ ಕೈ ತಪ್ಪಿತು. ಅದೇ ಬಣ್ಣ ಮತ್ತೆ ಬಂದರೂ ನಂಬರ್ ಸಾಮಾನ್ಯವಾಗಿ ಬೇರೆ ಇರುತ್ತದೆ.

ಈಗ ಭೂತಗನ್ನಡಿ ಇಡುತ್ತೇನೆ, ಪಕ್ಕದಲ್ಲಿರುವ ಅಕ್ಷರ ನೋಡಿ. ಇದು ಸ್ಟಿಕರ್ ಅಲ್ಲ. ಲೋಹದ ಫಲಕದಲ್ಲಿ ಅಕ್ಷರ ಕೊರೆದು ಶಾಯಿ ತುಂಬುತ್ತಾರೆ, ಮೆತ್ತನೆಯ ಸಿಲಿಕೋನ್ ಉಂಡೆಯನ್ನು ಅದರ ಮೇಲೆ ಒತ್ತಿ ಶಾಯಿ ಎತ್ತಿಕೊಂಡು, ಬಂದು ಎಂಜಿನ್ ಮೈಮೇಲೆ ಒತ್ತುತ್ತಾರೆ. ಉಂಡೆ ಮೆತ್ತಗಿರುವುದರಿಂದ ತಿರುವಿಗೂ ಉಬ್ಬಿಗೂ ಅಕ್ಷರ ಕೂರುತ್ತದೆ. ಬಣ್ಣಕ್ಕೊಂದು ಸಲ ಒತ್ತಬೇಕು. ಒಂದು ಕೂದಲೆಳೆ ಜರುಗಿದರೂ ಹಳದಿ ಪಟ್ಟಿಯ ಪಕ್ಕ ಬೆಳ್ಳಿ ಇಣುಕುತ್ತದೆ, ಇದರಲ್ಲಿ ಎಲ್ಲೂ ಇಣುಕಿಲ್ಲ.

ಆದರೆ ನಿಜವಾದ ಕಷ್ಟ ಇರುವುದು ಯಾವ ಕೆಂಪು ಅನ್ನುವುದರಲ್ಲಿ. ಹಳೆಯ ಫೋಟೊ ಪ್ರಿಂಟ್ ಮಾಸಿರುತ್ತದೆ. ಎಂಜಿನ್ ಕೂಡ ಬಿಸಿಲಿಗೆ ಮಾಸಿತ್ತು. ಪೆನ್ಸಿಲ್ವೇನಿಯಾ ರೈಲ್ವೆಯ ಎಂಜಿನ್‌ನ ಹಸಿರು ಎಷ್ಟು ಗಾಢ ಅಂದರೆ ಕಪ್ಪೇ ಅನ್ನಬೇಕು. ಅದು ಹಸಿರಾಗಿ ಎಷ್ಟು ಕಾಣಬೇಕು ಅಂತ ಮಾಡೆಲ್ ಮಾಡುವವರು ಇವತ್ತಿಗೂ ವಾದ ಮಾಡುತ್ತಾರೆ. ನಿಜವಾದ ಎಂಜಿನ್‌ನ ಅದೇ ಪೇಂಟ್ ತಂದು ಬಳಿದರೂ ಆಗಲ್ಲ. ಚಿಕ್ಕ ವಸ್ತುವಿನ ಮೇಲೆ, ಮನೆಯ ದೀಪದಲ್ಲಿ ಅದು ಇನ್ನೂ ಕಪ್ಪಗೆ ಕಾಣುತ್ತದೆ, ಅದಕ್ಕೇ ಎಷ್ಟೋ ಜನ ಸ್ವಲ್ಪ ಬಿಳಿ ಬೆರೆಸುತ್ತಾರೆ.

ಇದನ್ನೆಲ್ಲ ಓದುತ್ತಾ ಓದುತ್ತಾ ನಮ್ಮದೇ ಒಂದು ಬಣ್ಣ ತಲೆಗೆ ಹೊಕ್ಕಿತು. ಚೆನ್ನೈನ ಪೆರಂಬೂರಿನಲ್ಲಿರುವ ರೈಲು ಡಬ್ಬಿ ಕಾರ್ಖಾನೆ ಐಸಿಎಫ್‌ನ ಡಬ್ಬಿಗಳು 90ರ ದಶಕದಲ್ಲಿ ನೀಲಿ ಆಗುವ ಮುಂಚೆ ಇದ್ದ ಆ ಕೆಂಪು. ಸಿಟಿ ಸ್ಟೇಷನ್‌ನಲ್ಲಿ ಅಪ್ಪನ ಕೈ ಹಿಡಿದು ನೋಡಿದ್ದು. ಒಂದು ಡಬ್ಬಿಯ ಮಾಡೆಲ್ ನಾನೇ ಮಾಡುತ್ತಿದ್ದೇನೆ. ಮೈ ರೆಡಿ ಇದೆ, ಬಣ್ಣ ಇನ್ನೂ ಇಲ್ಲ. ನಮ್ಮ ಆಲ್ಬಮ್‌ನಲ್ಲಿ ಒಂದು ಫೋಟೊ ಇದೆ, ಆದರೆ ಅದರಲ್ಲಿ ಡಬ್ಬಿ ಕಿತ್ತಳೆಗೆ ತಿರುಗಿದೆ, ಪಕ್ಕದಲ್ಲಿ ನಿಂತ ಅಮ್ಮನ ಸೀರೆಯೂ ಕಿತ್ತಳೆ. ಆ ಸೀರೆ ಮೆರೂನ್ ಆಗಿತ್ತು ಅಂತಾರೆ ಅಮ್ಮ.

ರಟ್ಟಿನ ಮೇಲೆ ಮೂರು ಕೆಂಪು ಕಲೆಸಿ ಬಳಿದಿದ್ದೇನೆ, ಇಲ್ಲಿ ನೋಡಿ. ಅಪ್ಪ ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ ತುಂಬಾ ಹೊತ್ತು ನೋಡಿ ಎರಡನೇದಕ್ಕೆ ಬೆರಳಿಟ್ಟರು. "ಇದೇ ಕಣೋ, ಮಳೆ ಬಿದ್ದಾಗ ಹೀಗೇ ಕಾಣ್ತಿತ್ತು." ಅಮ್ಮ ಮೂರನೇದು ಅಂತಾರೆ. ನಿಮ್ಮ ಮನೆಯಲ್ಲಿ ಆ ಕಾಲದ ಕಲರ್ ಸ್ಲೈಡ್ ಏನಾದರೂ ಇದ್ದರೆ, ಪ್ರಿಂಟ್ ಅಲ್ಲ, ಪಾರದರ್ಶಕ ಫಿಲ್ಮಿನ ಸ್ಲೈಡ್, ದಯವಿಟ್ಟು ಬೆಳಕಿಗೆ ಹಿಡಿದು ನೋಡಿ ನನಗೆ ತಿಳಿಸಿ. ಅಲ್ಲಿಯವರೆಗೆ ಡಬ್ಬಿಗೆ ಬಣ್ಣ ಹಾಕುವುದಿಲ್ಲ.