ಆರು ಗಂಟೆಯ ಮೇಲೆ ನೀರು ಕುಡಿಯದವರು

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಹೊಳೆಗಳದ್ದೇ ಮಾತು. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ಬಂತಂತೆ, ಶಿರಿಯ ಹೊಳೆ ತೋಟಕ್ಕೆ ಹತ್ತಿತಂತೆ, ಉಪ್ಪಳ ಮುಸೋಡಿಯಲ್ಲಿ ಕಡಲು ಮತ್ತೆರಡು ತೆಂಗಿನ ಮರ ನುಂಗಿತಂತೆ. ಬೊಳ್ಳ, ಅಂದರೆ ನೆರೆ, ಎಲ್ಲಿಯವರೆಗೆ ಬಂತು, ಅಡಕೆಗೆ ಕೊಳೆರೋಗ ಬಿತ್ತಾ, ಹಟ್ಟಿಯ ದನಗಳನ್ನು ಎಲ್ಲಿ ಕಟ್ಟಿದರು, ಎಲ್ಲವನ್ನೂ ವಿಚಾರಿಸುತ್ತೇವೆ. ಮನೆ ಬಿಟ್ಟು ಬಂದ ಹೆಂಗಸರು ಆ ರಾತ್ರಿ ಎಲ್ಲಿ ಮಲಗಿದರು, ನಡುರಾತ್ರಿ ಹೊರಗೆ ಹೋಗಬೇಕಾದಾಗ ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ.

ನಾನು ಹೊಳೆಬದಿಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಈಗ ನಿವೃತ್ತಳು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲೇ ನೆರೆ ಸಂತ್ರಸ್ತರ ಕ್ಯಾಂಪು ತೆರೆದರು. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದೆವು. ಬಿಸಿಯೂಟದ ಅಡುಗೆಮನೆಯಲ್ಲಿ ಗಂಜಿ ಬೆಂದಿತು. ಎರಡನೆಯ ದಿನ ಒಂದು ಫಾರ್ಮು ಬಂತು. ಅದರಲ್ಲಿ ಮಹಿಳೆಯರ ಸುರಕ್ಷತೆ ಎಂಬ ಒಂದು ಕಾಲಂ: ತೊಂದರೆ ಇದೆ, ಅಥವಾ ಇಲ್ಲ. ನಾನು ಶಿಸ್ತಿನ ಟೀಚರು. ಗಂಜಿಯಾದ ಮೇಲೆ ಎಲ್ಲ ಹೆಂಗಸರನ್ನು ಶಾಲೆಯ ಹಾಲ್‌ನಲ್ಲಿ ಕೂರಿಸಿ, ಬೆಳಗಿನ ಪ್ರಾರ್ಥನೆಯ ಮೈಕನ್ನು ಕೈಯಲ್ಲಿ ಹಿಡಿದು ಕೇಳಿದೆ, "ಯಾರಿಗಾದರೂ ಏನಾದರೂ ತೊಂದರೆ ಉಂಟಾ?" ನನ್ನ ಹಿಂದೆ ವಾರ್ಡ್ ಮೆಂಬರು, ಸ್ವಯಂಸೇವಕ ಹುಡುಗರು, ಬಾಗಿಲಲ್ಲಿ ಅವರವರ ಗಂಡಂದಿರು. ಎಲ್ಲ ತಲೆಗಳೂ ಇಲ್ಲ ಎಂದು ಆಡಿದವು. ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿ ಕಳಿಸಿದೆ.

ಅದೇ ಸಂಜೆ ಪಾತ್ರೆ ತೊಳೆಯುತ್ತಿದ್ದಾಗ, ಬೀಡಿ ಕಟ್ಟುವ ಒಬ್ಬ ಹಿರಿ ಹೆಂಗಸು ತುಳುವಿನಲ್ಲಿ ಮೆಲ್ಲಗೆ ಹೇಳಿದರು, "ಟೀಚರೇ, ಆರು ಗಂಟೆಯ ಮೇಲೆ ನಾವು ಯಾರೂ ನೀರು ಕುಡಿಯುವುದಿಲ್ಲ. ಮಕ್ಕಳಿಗೂ ಕೊಡುವುದಿಲ್ಲ." ಯಾಕೆ ಎಂದು ಕೇಳಿದ್ದಕ್ಕೆ ಅವರು ಬಾಯಿ ಬಿಡಲಿಲ್ಲ. ಗದ್ದವನ್ನು ಶಾಲೆಯ ಹಿಂಬದಿಗೆ ತೋರಿಸಿ, ಮತ್ತೆ ಪಾತ್ರೆಗೆ ಬೂದಿ ಹಾಕಿದರು.

ಅಂದು ರಾತ್ರಿ ಎಂಟೂವರೆಗೆ ಒಂದು ಟಾರ್ಚು ಹಿಡಿದು ನಾನು ಹಿಂಬದಿಗೆ ಹೋದೆ. ಹನ್ನೊಂದು ವರ್ಷ ದುಡಿದ ಶಾಲೆ. ಕತ್ತಲಾದ ಮೇಲೆ ಆ ಕಡೆಗೆ ಕಾಲಿಟ್ಟದ್ದು ಅದೇ ಮೊದಲು. ಶಾಲೆ ಕಟ್ಟಿದ್ದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಲೆಕ್ಕಕ್ಕೆ. ಹಾಗಾಗಿ ಕಕ್ಕಸಿಗೆ ಬಲ್ಬಿಲ್ಲ. ಬಾಗಿಲುಗಳು ಎರಡನೇ ಕ್ಲಾಸಿನ ಮಕ್ಕಳ ಎತ್ತರಕ್ಕೆ. ದೊಡ್ಡವರು ಒಳಗೆ ನಿಂತರೆ ಭುಜದಿಂದ ಮೇಲೆ ಹೊರಗೆ ಕಾಣುತ್ತದೆ. ಒಂದು ಚಿಲಕ ಒಂದೇ ಸ್ಕ್ರೂವಿನಲ್ಲಿ ನೇತಾಡುತ್ತಿತ್ತು, ಇನ್ನೊಂದು ಇರಲೇ ಇಲ್ಲ. ಅಲ್ಲಿಗೆ ತಲುಪಲು ಹಾಲ್‌ನ ಜಗಲಿಯಲ್ಲಿ ಮಲಗಿದ ಗಂಡಸರನ್ನು ದಾಟಬೇಕು, ಮತ್ತೆ ಮೈದಾನದ ಅಂಚಿನಲ್ಲಿ ಎಂಬತ್ತು ಹೆಜ್ಜೆ. ಕಂಪೌಂಡು ಕುಸಿದಲ್ಲಿ ಮೂರ್ನಾಲ್ಕು ಬೀಡಿಯ ಕೆಂಡ ಮಿನುಗುತ್ತಿತ್ತು. ಅವರು ಏನೂ ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಐವತ್ತರ ಮೇಲಿನ ಹೆಡ್ ಟೀಚರು ನಾನು, ಆದರೂ ಕಾಲು ಬೇಗ ಬೇಗ ಎತ್ತಿದೆ. ಹದಿನಾಲ್ಕರ ಹುಡುಗಿಯಾಗಿದ್ದರೆ?

ಆಮೇಲೆ ಈ ವಿಷಯದಲ್ಲಿ ಓದಲು ತೊಡಗಿದೆ. ನಿರಾಶ್ರಿತರ ನೆರವಿಗೆ 'ಸ್ಫಿಯರ್' ಎಂಬ ಒಂದು ಅಂತಾರಾಷ್ಟ್ರೀಯ ಕೈಪಿಡಿ ಇದೆ. 20 ಮಂದಿಗೆ ಒಂದು ಕಕ್ಕಸು, ಮಲಗುವ ಜಾಗದಿಂದ 50 ಮೀಟರಿಗಿಂತ ದೂರ ಇರಬಾರದು, ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಬೆಳಕು. ಬಹಳ ಸಾದಾ ಸಂಗತಿಗಳು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ನೆರವು ಸಂಸ್ಥೆಗಳೂ ಸೇರಿ 2015ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೊಂದರ ಮಾತು ನನ್ನ ಫಾರ್ಮಿನ ಕೆನ್ನೆಗೆ ಹೊಡೆದಂತಿತ್ತು. ಜನ ಮನೆಮಠ ಬಿಟ್ಟ ಕಡೆಯಲ್ಲೆಲ್ಲ ಹೆಂಗಸರ ಮೇಲೆ, ಮಕ್ಕಳ ಮೇಲೆ ಹಿಂಸೆ ನಡೆಯುತ್ತಿದೆ ಎಂದೇ ಎಣಿಸಿ ಕೆಲಸ ಶುರುಮಾಡಬೇಕು, ಸಾಕ್ಷಿಗೆ ಕಾಯಬಾರದು ಎನ್ನುತ್ತದೆ ಅದು. ಹೊಳೆ ಉಕ್ಕುತ್ತದೋ ಇಲ್ಲವೋ ಎಂದು ಸಾಕ್ಷಿ ಕೇಳಿ ನಾವು ದನ ಬಿಚ್ಚುತ್ತೇವೆಯೇ?

ಅಂದರೆ ಅಪಾಯ ಎಷ್ಟಿದೆ ಎಂದು ತಿಳಿಯಲು ಯಾರ ಕಥೆಯನ್ನೂ ಕೆದಕಬೇಕಾಗಿಲ್ಲ. ಜಾಗವನ್ನು ನೋಡಿದರೆ ಸಾಕು, ಅದೂ ರಾತ್ರಿ ನೋಡಬೇಕು. ಕ್ಯಾಂಪಿನಲ್ಲಿ ಫೋನ್ ಚಾರ್ಜು ಮಾಡುವ ಪ್ಲಗ್ಗು ಯಾವ ಕೋಣೆಯಲ್ಲಿದೆ? ನಮ್ಮಲ್ಲಿ ಗಂಡಸರು ಮಲಗುವ ಕೋಣೆಯಲ್ಲಿತ್ತು; ಹೆಂಗಸರ ಫೋನುಗಳೆಲ್ಲ ಸತ್ತುಹೋಗಿದ್ದವು. ಪ್ಯಾಡಿನ ಪೆಟ್ಟಿಗೆ ಯಾರ ಮೇಜಿನ ಅಡಿಯಲ್ಲಿದೆ? ನಮ್ಮಲ್ಲಿ ಇಪ್ಪತ್ತರ ಹುಡುಗನೊಬ್ಬ ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡು ಕೊಡುತ್ತಿದ್ದ. ಪಾಪ, ಲೆಕ್ಕ ತಪ್ಪಬಾರದೆಂದು. ಮೂರು ದಿನದಲ್ಲಿ ನಾಲ್ಕು ಪ್ಯಾಕೆಟು ಖರ್ಚಾಗಿತ್ತು. ಪೆಟ್ಟಿಗೆಯನ್ನು ಹೆಂಗಸರ ಕೋಣೆಯ ಕಪಾಟಿಗೆ ಸಾಗಿಸಿದೆವು. ಮರುದಿನ ಬೆಳಿಗ್ಗೆ ಅದು ಖಾಲಿ.

ಇನ್ನು ಕ್ಯಾಂಪಿಗೆ ಬಾರದವರು. ಎಣ್ಮಕಜೆ, ಪೆರ್ಲ ಕಡೆಯ ಕೇಳುಗರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ, ಅದರ ವಿಷಕ್ಕೆ ಅನೇಕ ಮಕ್ಕಳು ಅಂಗವಿಕಲರಾದ ಊರುಗಳು ಅವು. ಮಾತು ಬಾರದ, ಎದ್ದು ನಡೆಯಲಾಗದ ಮಗಳನ್ನು ಎತ್ತಿಕೊಂಡು ಬಂದ ತಾಯಿಗೆ ಕ್ಯಾಂಪಿನಲ್ಲಿ ಕಕ್ಕಸಿಗೆ ಹೋಗುವುದೇ ಕಷ್ಟ. ಮಗಳನ್ನು ಯಾರ ಬಳಿ ಬಿಡುವುದು? ನಮ್ಮ ಶಾಲೆಯ ಹತ್ತಿರದ ಅಂತಹ ಒಬ್ಬ ತಾಯಿ ಮೊಣಕಾಲು ನೀರಿದ್ದರೂ ಮನೆಯಲ್ಲೇ ಉಳಿದರು. ಕರೆಯಲು ಹೋದ ಹುಡುಗರು, ಹೇಳಿದ್ದು ಕೇಳದ ಹೆಂಗಸು ಎಂದು ಸಿಟ್ಟಾದರು. ಆಕೆಯ ಲೆಕ್ಕ ಸರಿಯಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. 1991ರ ಏಪ್ರಿಲಿನಲ್ಲಿ ಬಾಂಗ್ಲಾದೇಶಕ್ಕೆ ಬಡಿದ ಚಂಡಮಾರುತದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ. ಅಲ್ಲಿ ಆಶ್ರಯ ಕಟ್ಟಡಗಳು ಇದ್ದವು. ಮರೆಯಿಲ್ಲದ, ಗಂಡಸರೇ ತುಂಬಿದ ಜಾಗಕ್ಕೆ ಹೋಗಲು ಹಿಂಜರಿದು ಮನೆಯಲ್ಲೇ ನಿಂತವರು ಅನೇಕರು. ಚಿಲಕವಿಲ್ಲದ ಬಾಗಿಲು ಹಾಗೆಯೂ ಕೊಲ್ಲುತ್ತದೆ.

ಕ್ಯಾಂಪಿಗಿಂತ ನೆಂಟರ ಮನೆಗೆ, ಕ್ವಾರ್ಟರ್ಸಿನ ಒಂದು ಕೋಣೆಗೆ ಹೋಗುವವರೂ ಕಡಿಮೆಯಲ್ಲ. ಕಡಲ್ಕೊರೆತದವರಂತೂ ಹೆಚ್ಚಾಗಿ ಹಾಗೆಯೇ. ನೆಂಟರ ಮನೆಯೆಂದರೆ ನಮಗೆ ಸಮಾಧಾನ. ಹತ್ತು ಜನ ಒಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗುವಾಗ ಹುಡುಗಿಗೆ ಉಪದ್ರ ಕೊಡುವವನು ಮಾವನೋ ಭಾವನೋ ಆದರೆ ಆಕೆ ಎಲ್ಲಿಗೆ ಹೋಗಬೇಕು? ಉಪಕಾರ ಮಾಡಿದ ಮನೆಯ ಮೇಲೆ ಬಾಯಿ ತೆರೆಯುವುದು ಹೇಗೆ? ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಕುಟುಂಬಶ್ರೀ ಮಹಿಳಾ ಸಂಘದವರು ಈ ಮನೆಗಳಿಗೂ ಕಾಲಿಡಬೇಕು. ದುಡ್ಡಿನ ಮಾತೂ ಇದೆ. 2018ರ ನೆರೆಯ ನಂತರ, ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕ್ಯಾಂಪು ಸೇರಿದ್ದ ಆ ವರ್ಷ, ಕೇರಳ ಸರಕಾರ ಮನೆಗೆ 10,000 ರೂಪಾಯಿಯ ತುರ್ತು ನೆರವು ಕೊಟ್ಟಿತು. ಅಂತಹ ಹಣ ಯಾರ ಖಾತೆಗೆ ಬೀಳುತ್ತದೆ ಎಂಬುದರ ಮೇಲೆ ಒಂದು ಮನೆಯ ಆ ವಾರದ ರಾತ್ರಿಗಳು ನಿಂತಿರುತ್ತವೆ.

ನಾನು ಈಗ ಉಪದ್ರ ಎಂದೆ. ಈ ಶಬ್ದದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಹೆಂಗಸರು ಲಿಂಗಾಧಾರಿತ ಹಿಂಸೆ ಎಂಬ ಮಾತನ್ನು ಆಡುವುದಿಲ್ಲ, ಲೈಂಗಿಕ ದೌರ್ಜನ್ಯ ಎಂದೂ ಹೇಳುವುದಿಲ್ಲ. "ಅವನದ್ದು ಸ್ವಲ್ಪ ಉಪದ್ರ" ಎನ್ನುತ್ತಾರೆ. ಸೊಳ್ಳೆಗೂ ಅದೇ ಶಬ್ದ, ಮಾನಭಂಗಕ್ಕೂ ಅದೇ ಶಬ್ದ. ಸ್ವರ ಕೇಳಿ ತಿಳಿಯಬೇಕು. ಮಲಯಾಳದ ಪತ್ರಿಕೆಗಳಲ್ಲಿ ಪೀಡನಂ ಎಂದರೆ ಲೈಂಗಿಕ ದೌರ್ಜನ್ಯ. ನಮ್ಮವರ ಕಿವಿಗೆ ಅದು ಪೀಡೆ ಎಂದು ಬಿದ್ದರೆ, ಯಾವ ಭೂತದ ವಿಷಯ ಕೇಳುತ್ತಿದ್ದಾರಪ್ಪ ಎಂದು ನೋಡುತ್ತಾರೆ. ನಗೆ ಬರುತ್ತದೆ, ಆದರೆ ಮಲಯಾಳ ಮಾತ್ರ ಬಲ್ಲ ಆಪ್ತಸಮಾಲೋಚಕಿ, ತುಳು ಮಾತ್ರ ಬಲ್ಲ ಹೆಂಗಸು, ನಡುವೆ ಭಾಷಾಂತರಕ್ಕೆ ಆಕೆಯ ಗಂಡನೇ ನಿಂತ ಕೋಣೆಯನ್ನು ಎಣಿಸಿಕೊಳ್ಳಿ. ಅಥವಾ ಶಾಲೆಯಲ್ಲಿ ಮಲಯಾಳ ಕಲಿತ ಆಕೆಯ ಮಗನೇ. ಕನ್ನಡದಲ್ಲಿ ಸರಕಾರಿ ಕಚೇರಿಗೆ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕೇರಳದ ಕನ್ನಡಿಗರಾದ ನಮಗೆ ಕೊಟ್ಟಿದೆ. ಬೋರ್ಡಿಗಾಗಿ, ನೇಮಕಾತಿಗಾಗಿ ನಾವು ಅದನ್ನು ಹಿಡಿದು ಹೋರಾಡುತ್ತೇವೆ, ಸರಿಯೇ. ಆ ಕೋಣೆಯಲ್ಲಿ ಕನ್ನಡವೋ ತುಳುವೋ ಬಲ್ಲ ಒಬ್ಬ ಹೆಂಗಸು ಕೂರಬೇಕೆಂದು ನಾವು ಒಂದು ಮನವಿ ಕೊಟ್ಟದ್ದು ನನಗೆ ನೆನಪಿಲ್ಲ.

ಯಾರಾದರೂ ತಾವಾಗಿ ಬಂದು ಹೇಳಿದರೆ? ವಿವರ ಕೆದಕಬೇಡಿ. ಮುಂದೆ ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲದೆ ಪ್ರಶ್ನೆ ಕೇಳಲು ಹೋಗುವುದು ಗಾಯ ಬಿಚ್ಚಿ ಔಷಧ ಹುಡುಕಲು ಹೋದ ಹಾಗೆ. ಅತ್ಯಾಚಾರವಾದರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಗರ್ಭ ತಡೆಯುವ ತುರ್ತು ಮಾತ್ರೆಗೆ 120 ಗಂಟೆ. ಬೇಗ ಆದಷ್ಟು ಒಳ್ಳೆಯದು. ಮೊದಲು ಪೊಲೀಸ್ ಕಾಗದ ತನ್ನಿ ಎಂದು ಆಸ್ಪತ್ರೆ ಹೇಳುವಂತಿಲ್ಲ. ಸರಕಾರಿಯಾಗಲಿ ಖಾಸಗಿಯಾಗಲಿ, ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ದೂರು ಕೊಡುವುದಾದರೆ ಯಾವ ಠಾಣೆಯಲ್ಲೂ ಕೊಡಬಹುದು, ನಮ್ಮ ವ್ಯಾಪ್ತಿ ಅಲ್ಲ ಎಂದು ಹಿಂದೆ ಕಳಿಸುವಂತಿಲ್ಲ. ಅಂಗವಿಕಲರಾದರೆ ಪೊಲೀಸರೇ ಅವರಿದ್ದಲ್ಲಿಗೆ ಬಂದು, ಭಾಷಾಂತರಕಾರರನ್ನು ಕೂರಿಸಿಕೊಂಡು ಬರೆದುಕೊಳ್ಳಬೇಕು. ದೊಡ್ಡವರಾದರೆ ದೂರು ಬೇಕೋ ಬೇಡವೋ ಎಂಬುದು ಆಕೆಯ ತೀರ್ಮಾನ. ಹದಿನೆಂಟರ ಒಳಗಿನ ಮಗುವಾದರೆ ಹಾಗಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯಿದೆಯಂತೆ, ತಿಳಿದವರು ತಿಳಿಸಲೇಬೇಕು. ಆದ್ದರಿಂದ ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಮಾತು ಕೊಡಬೇಡಿ. ಕೊಟ್ಟು ಮುರಿದರೆ ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

ಹೆಂಗಸರಿಗೆ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ, ಎಲ್ಲದರಲ್ಲೂ ಅಲ್ಲ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಭೂಮಿಕ ಎಂಬ ಕೇಂದ್ರಗಳಿವೆ. ಅಂತಹುದೇ ನೆರವಿಗೆ ಕುಟುಂಬಶ್ರೀಯ ಸ್ನೇಹಿತ ಎಂಬ ಕೇಂದ್ರ ಇದೆ, ಸಖಿ ಕೇಂದ್ರ ಇದೆ. ಕ್ಯಾಂಪಿನಲ್ಲಿ ಈ ನಂಬರುಗಳನ್ನು ಎಲ್ಲಿ ಅಂಟಿಸುತ್ತೀರಿ? ನೋಟಿಸ್ ಬೋರ್ಡಿನ ಮುಂದೆ ನಿಂತು 181 ಬರೆದುಕೊಳ್ಳುವ ಹೆಂಗಸನ್ನು ಇಡೀ ಕ್ಯಾಂಪು ನೋಡುತ್ತದೆ. ಕಕ್ಕಸಿನ ಬಾಗಿಲ ಒಳಬದಿಗೆ ಅಂಟಿಸಿ, ಕನ್ನಡದಲ್ಲೂ ಮಲಯಾಳದಲ್ಲೂ. ಓದಲು ಬಾರದವರಿಗೆ ಬಾಯಲ್ಲಿ ಹೇಳಿ.

ದಾರಿಯನ್ನೂ ನೋಡಿಟ್ಟುಕೊಳ್ಳಿ. ನಮಗೆ ದೊಡ್ಡಾಸ್ಪತ್ರೆಯೆಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತುಬಿಟ್ಟಾಗ, ಆ ಒಂದು ದಾರಿಯನ್ನು ನಂಬಿ ಕೂತವರ ಗತಿ ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ. ಅಂದು ರೋಗ, ನಾಳೆ ಗುಡ್ಡ ಕುಸಿಯಬಹುದು. ಆ ದಾರಿ ಕಟ್ಟಿದರೆ 72 ಗಂಟೆಯೊಳಗೆ ಬೇರೆ ಯಾವ ಆಸ್ಪತ್ರೆಗೆ ತಲುಪಬಹುದು ಎಂಬುದನ್ನು ಮಳೆ ಹಿಡಿಯುವ ಮೊದಲೇ ಒಂದು ಕಾಗದದಲ್ಲಿ ಬರೆದಿಡಿ.

ನಮ್ಮ ಶಾಲೆಯಲ್ಲಿ ಆ ಮೂರನೆಯ ದಿನ ಬಡಗಿಯನ್ನು ಕರೆಸಿದೆವು. ಕ್ಯಾಂಪಿನಲ್ಲೇ ಒಬ್ಬರಿದ್ದರು, ಕೆಲಸವಿಲ್ಲದೆ ಬೇಜಾರಾಗಿ ಕೂತಿದ್ದರು. ಬಾಗಿಲಿಗೆ ಮೇಲೊಂದು ಹಲಗೆ, ಎರಡು ಚಿಲಕ, ಒಂದು ಬಲ್ಬು, ದಾರಿಯಲ್ಲಿ ಇನ್ನೊಂದು. ಗಂಡಸರು ಜಗಲಿ ಬಿಟ್ಟು ಆಚೆ ಬದಿಯ ಕೋಣೆಗೆ ಹೋದರು, ಒಬ್ಬರಿಬ್ಬರು ಗೊಣಗಿದರು. ಖರ್ಚನ್ನು ಪಿಟಿಎ, ಅಂದರೆ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಲೆಕ್ಕದಲ್ಲಿ ಬರೆದೆ. ಆ ರಾತ್ರಿ ಒಂಬತ್ತಕ್ಕೆ ಬೀಡಿ ಕಟ್ಟುವ ಆ ಅಮ್ಮ ಮಡಕೆಯಿಂದ ಚೆಂಬು ತುಂಬಾ ನೀರು ಬಗ್ಗಿಸಿ, ನನ್ನನ್ನೇ ನೋಡುತ್ತಾ ಗಟಗಟ ಕುಡಿದರು.

ವರ್ಷದ ಕೊನೆಯಲ್ಲಿ ಲೆಕ್ಕ ನೋಡಲು ಬಂದವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು, "ಹಗಲು ನಡೆಯುವ ಶಾಲೆಯ ಕಕ್ಕಸಿಗೆ ಬಲ್ಬು ಯಾಕೆ ಟೀಚರೇ?"

ನಮಸ್ಕಾರ.