ಮೊದಲು ನೀರಿನ ದಾರಿ ಹುಡುಕಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ನನ್ನ ಮಾತು ಮುಖ್ಯವಾಗಿ ಬೆಂಗಳೂರಿನ ಶಾಲಾ ಕಾಲೇಜು ಮಕ್ಕಳಿಗೆ. ಪಕ್ಕದಲ್ಲಿ ಕೂತ ಅಪ್ಪ ಅಮ್ಮಂದಿರು ಕೇಳಿಸಿಕೊಂಡರೆ ಬೇಡ ಅನ್ನುವುದಿಲ್ಲ.

ವಿಜ್ಞಾನ ಮೇಳಗಳಿಗೆ ನನ್ನನ್ನು ತೀರ್ಪುಗಾರಳಾಗಿ ಕರೆಯುತ್ತಾರೆ. 'ಭವಿಷ್ಯದ ನಗರ' ಅಂತ ಒಂದು ಮೇಜು ಇದ್ದೇ ಇರುತ್ತದೆ. ಥರ್ಮಾಕೋಲ್ ಕಟ್ಟಡ, ಮೇಲೆ ಸೋಲಾರ್, ಸುತ್ತ ಹಸಿರು ಬಣ್ಣ ಹಚ್ಚಿದ ಮರದ ಪುಡಿ. ನಾನು ಕೇಳುವುದು ಒಂದೇ ಪ್ರಶ್ನೆ. ಇಲ್ಲಿ ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತೆ? ಮಕ್ಕಳು ಮೇಷ್ಟ್ರ ಮುಖ ನೋಡುತ್ತಾರೆ. ಮೇಷ್ಟ್ರು ಫ್ಯಾನ್ ನೋಡುತ್ತಾರೆ.

ಇದು ಗೊತ್ತಿಲ್ಲದೆ ಬೆಂಗಳೂರಿನ ಚರಿತ್ರೆ ಅರ್ಥವಾಗುವುದಿಲ್ಲ, ಯೋಜನೆಯಂತೂ ಆಗುವುದೇ ಇಲ್ಲ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲ. ಬಿದ್ದ ಮಳೆಯನ್ನೇ ಹಿಡಿದಿಟ್ಟುಕೊಳ್ಳಬೇಕಿತ್ತು, ಅದಕ್ಕೇ ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರಗಂಟಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ಆಮೇಲೆ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿಯಲ್ಲಿ ನೀರು ಬರುವಾಗ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ ಬಂತು. ಕರಗದ ಪೂಜೆಗೆ ಅಂತ ಅಲ್ಲಿ ಒಂದು ಪುಟ್ಟ ಕೊಳ ಉಳಿದಿದೆ, ಅಷ್ಟೇ.

ಕೆರೆ ಹೋಯಿತು, ಆದರೆ ನೀರು ತನ್ನ ದಾರಿ ಬಿಟ್ಟಿಲ್ಲ. ಇದನ್ನು ತೋರಿಸಲು ಕಾಲೇಜು ಮಕ್ಕಳ ಒಂದು ಗುಂಪನ್ನು ಮೆಜೆಸ್ಟಿಕ್ಕಿನಿಂದ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ ಗುಂಟ ನಡೆಸಿದೆ. ಈ ಕಾಲುವೆ ಕೆ.ಆರ್. ಮಾರುಕಟ್ಟೆ, ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಮೊದಲು ಎಲ್ಲರ ಕೈಯಲ್ಲೂ ಮೊಬೈಲ್ ಮ್ಯಾಪ್, ಮೂಗಿಗೆ ಕರ್ಚೀಫು. ಮೊಬೈಲ್ ಒಳಗಿಡಿ, ಇಳಿಜಾರು ನೋಡಿ ಅಂದೆ. ಶಾಂತಿನಗರದ ಕಡೆ ಒಂದು ಟೈಲರ್ ಅಂಗಡಿ. ಹೊಸ್ತಿಲ ಮೇಲೆ ಮೂರು ವರಸೆ ಇಟ್ಟಿಗೆ ಕಟ್ಟಿದ್ದರು. ಹೊಲಿಗೆ ಮೆಷಿನ್ ಮೋಟರು ನೆಲದಲ್ಲಿರಲಿಲ್ಲ, ಸ್ಟೂಲಿನ ಮೇಲಿತ್ತು. ಗೋಡೆಯಲ್ಲಿ ಮಂಡಿಯಿಂದ ಮೇಲಕ್ಕೆ ಕಂದು ಗೆರೆ. ಯಾಕಣ್ಣ ಹೀಗೆ ಅಂತ ಒಬ್ಬ ಹುಡುಗ ಕೇಳಿದ. "ಕಾಲುವೆ ಒಳಗೇ ಬರುತ್ತಲ್ಲಪ್ಪ, ಕೂರಿಸಿಕೊಳ್ಳದೆ ಏನು ಮಾಡ್ಲಿ" ಅಂದರು ಟೈಲರ್. ಮಕ್ಕಳು ಅವರದೇ ಟೇಪು ತೆಗೆದುಕೊಂಡು ಗೆರೆ ಅಳೆದರು. ಅಲ್ಲಿಂದ ಮುಂದೆ ಪ್ರತಿ ಅಂಗಡಿಯ ಹೊಸ್ತಿಲೂ ಅಳತೆ! ಇವರನ್ನು ಹೊರಡಿಸುವುದೇ ಕಷ್ಟವಾಯಿತು.

ಗುಂಪಿನಲ್ಲಿ ಕೋಲಾರದ ಕಡೆಯ ಒಬ್ಬಳು ಹುಡುಗಿ ಇದ್ದಳು. ಬೆಳಗ್ಗೆಯಿಂದ ಮಾತೇ ಆಡಿರಲಿಲ್ಲ. ಕಪ್ಪು ನೀರನ್ನೇ ನೋಡುತ್ತಾ, "ಮೇಡಂ, ನಮ್ಮೂರ ಕೆರೆಗೆ ಬರೋದು ಇದೇ ನೀರಾ?" ಅಂದಳು. ಹೌದಲ್ವಾ! 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಬೆಳ್ಳಂದೂರಿನ ಹತ್ತಿರ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. "ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ. ಕೆರೆ ತುಂಬಿದ್ದಕ್ಕೆ ನಮ್ಮಪ್ಪನಿಗೆ ಖುಷಿ. ಅಮ್ಮ ಮಾತ್ರ ಅದನ್ನು ಕುಡಿಯೋಕೆ ಬಿಡಲ್ಲ" ಅಂದಳು. ನಗರ ಯೋಜನೆಯ ಬಗ್ಗೆ ನಾನು ಕೇಳಿರುವ ಎಷ್ಟೋ ಭಾಷಣಗಳಲ್ಲಿ ಇಷ್ಟು ವಿಷಯ ಇರಲಿಲ್ಲ.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಹೊತ್ತಾಯಿತಂತೆ. ಮಳೆಕೊಯ್ಲು, ಸಾರ್ವಜನಿಕ ಸಾರಿಗೆ ಅಂತೆಲ್ಲ ಬರೆದುಕೊಂಡು ಬಂದಿದ್ದೆ. ಇರಲಿ, ಜಕ್ಕೂರು ಕೆರೆ ಒಂದು ನೋಡಿ. ಶುದ್ಧೀಕರಿಸಿದ ನೀರು ಅಲ್ಲಿ ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆಗೆ ಸೇರುತ್ತದೆ. ಕೆರೆ ಉಳಿಸಲು ಆಗುವುದಿಲ್ಲ ಅನ್ನುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಇನ್ನೊಂದು ಮಾತು. 2022ರ ಮಳೆಗೆ ಹೊರವರ್ತುಲ ರಸ್ತೆಯಲ್ಲಿ ನೀರು ನಿಂತು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಇದೇ ಊರು 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾಯುತ್ತಿತ್ತು. ಸುಮ್ನೆ ಮಳೆಯನ್ನು ಬೈದು ಏನು ಪ್ರಯೋಜನ?

ಮಕ್ಕಳೇ, ನಿಮ್ಮ ಬೀದಿಯ ಚರಂಡಿ ಯಾವ ಕಾಲುವೆಗೆ, ಆ ಕಾಲುವೆ ಯಾವ ಕೆರೆಗೆ ಸೇರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹಳೇ ಅಂಗಡಿಯವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಮಳೆ ಸುರಿಯುವಾಗ ಮಾತ್ರ ರಾಜಕಾಲುವೆ ಹತ್ತಿರ ಹೋಗಬೇಡಿ, ನಿಂತ ಮೇಲೆ ದೊಡ್ಡವರ ಜೊತೆ ಹೋಗಿ. ಮೇಷ್ಟ್ರುಗಳೇ, ಮಕ್ಕಳ ನಕ್ಷೆ ಸೊಟ್ಟಗಿದ್ದರೆ ಅಂಕ ಕಳೆಯಬೇಡಿ. ನಮಸ್ಕಾರ.