ಕಡಲು ಬಾಗಿಲಿಗೆ ಬಂದ ಪುರಭವನ

ಕೇಳುಗರಿಗೆ ನಮಸ್ಕಾರ.

ಹಳೆಯ ಪುರಭವನಗಳಿಗೆ ವಯಸ್ಸಾದ ಮೇಲೆ ಹೊಸ ಕೆಲಸ ಸಿಗುವುದುಂಟು. ಊರಿನ ಮ್ಯೂಸಿಯಂ ಆಗುವ ಕೆಲಸ. ಒಳಗೆ ಕಾಲಿಟ್ಟವರು ಸೀದಾ ಗಾಜಿನ ಪೆಟ್ಟಿಗೆಗಳತ್ತ ಹೋಗುತ್ತಾರೆ. ನಾನಾದರೆ, ಮೊದಲು ಕಟ್ಟಡಕ್ಕೇ ಒಂದು ಸುತ್ತು ಹಾಕಿ ಅನ್ನುತ್ತೇನೆ.

ಇಂಗ್ಲೆಂಡಿನ ಸಫಕ್ ಕರಾವಳಿಯಲ್ಲಿ ಆಲ್ಬರಾ ಅಂತ ಒಂದು ಪುಟ್ಟ ಊರಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ನಡುವೆ ಒಂದು 'ಡಿ' ಇರುತ್ತದೆ, ಹೇಳುವಾಗ ಮಾಯ! ಅಲ್ಲಿನ ಮೂಟ್ ಹಾಲ್ 16ನೇ ಶತಮಾನದ್ದು. ಮೂಟ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಸಭೆ. ಮರದ ಚೌಕಟ್ಟು, ಅದರ ನಡುವೆ ಇಟ್ಟಿಗೆ. ಮಹಡಿಯಲ್ಲಿ ಊರಿನ ಸಭೆ, ಕೆಳಗೆ ಅಂಗಡಿಗಳು. ಈಗ ಅದು ಆಲ್ಬರಾದ ಮ್ಯೂಸಿಯಂ.

ಈ ಕಟ್ಟಡ ಸಮುದ್ರದ ಪಕ್ಕದಲ್ಲೇ ನಿಂತಿದೆ. ಪುರಭವನವನ್ನು ಯಾರಾದರೂ ಊರಿನ ಅಂಚಿಗೆ ಕಟ್ಟುತ್ತಾರಾ? ಇಲ್ಲ, ಅಲ್ವಾ? ಇದನ್ನೂ ಊರ ನಡುವೆಯೇ ಕಟ್ಟಿದ್ದು. ಆಮೇಲೆ ಪೂರ್ವದ ಬೀದಿಗಳನ್ನು ಕಡಲು ನುಂಗುತ್ತಾ ಬಂತು. ಭವನ ಇದ್ದಲ್ಲೇ ಇದೆ. ದಂಡೆಯೇ ಅದರ ಬಾಗಿಲಿಗೆ ಬಂದಿದೆ.

ಗೋಡೆಯ ಮೇಲೊಂದು ನೆರಳಿನ ಗಡಿಯಾರವಿದೆ. 'ಬಿಸಿಲಿನ ಗಂಟೆಗಳನ್ನಷ್ಟೇ ನಾನು ಎಣಿಸುತ್ತೇನೆ' ಎಂದು ಲ್ಯಾಟಿನ್‌ನಲ್ಲಿ ಬರೆದಿದೆ. ಊರಿನ ಲೆಕ್ಕದ ಪುಸ್ತಕಕ್ಕೆ ಆ ಭಾಗ್ಯ ಇರಲಿಲ್ಲ. 1646ರಲ್ಲಿ, ಮಾಟಗಾತಿಯರನ್ನು ಹುಡುಕಿಕೊಡುತ್ತೇನೆಂದು ಊರೂರು ಸುತ್ತುತ್ತಿದ್ದ ಮ್ಯಾಥ್ಯೂ ಹಾಪ್ಕಿನ್ಸ್‌ಗೆ ಈ ಊರು ದುಡ್ಡು ಕೊಟ್ಟಿತು. ಏಳು ಹೆಂಗಸರನ್ನು ಗಲ್ಲಿಗೇರಿಸಿದರು. ಕೊಟ್ಟ ದುಡ್ಡನ್ನು ಮರೆಯದೆ ಲೆಕ್ಕಕ್ಕೆ ಬರೆದುಕೊಂಡರು.

ಅದೇ ಊರು 1908ರಲ್ಲಿ ಡಾಕ್ಟರ್ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಅವರನ್ನು ಮೇಯರ್ ಮಾಡಿತು. ಇಂಗ್ಲೆಂಡಿಗೇ ಮೊದಲ ಮಹಿಳಾ ಮೇಯರ್. ಒಂದು ಕಾಲದಲ್ಲಿ ವೈದ್ಯಕೀಯ ಕಾಲೇಜುಗಳೇ ಅವರನ್ನು ಒಳಗೆ ಬಿಟ್ಟಿರಲಿಲ್ಲ.

ಇಷ್ಟಾದ ಮೇಲೆ ಗಾಜಿನ ಪೆಟ್ಟಿಗೆಗೆ ಬನ್ನಿ. ಅದರಲ್ಲಿ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳಿವೆ. ಸುಮ್ನೆ ನೋಡಿದರೆ ಗುಜರಿ ಸಾಮಾನು. ಹತ್ತಿರದ ಸ್ನೇಪ್‌ನಲ್ಲಿ 1862ರಲ್ಲಿ ಒಂದು ದಿಬ್ಬ ಅಗೆದಾಗ ಸಿಕ್ಕಿದ್ದು ಇವು. ಸಾವಿರ ವರ್ಷಕ್ಕೂ ಹಿಂದಿನ ಆಂಗ್ಲೋ-ಸ್ಯಾಕ್ಸನ್ ಕಾಲದವರು ಸತ್ತವರನ್ನು ಹಡಗಿನ ಸಮೇತ ಹೂಳಿದ್ದರು. ಮರವೆಲ್ಲ ಮಣ್ಣಾಗಿತ್ತು. ಮೊಳೆಗಳು ಮಾತ್ರ ಸಾಲು ಬಿಡದೆ ಕೂತಿದ್ದವು. ಅಗೆದವರು ಅವನ್ನು ಎತ್ತಿ ಗುಡ್ಡೆ ಹಾಕದೆ, ಯಾವುದು ಎಲ್ಲಿತ್ತು ಅಂತ ಗುರುತು ಮಾಡಿಕೊಂಡರು. ಆ ಸಾಲುಗಳ ನಡುವೆ, ಇಲ್ಲದ ಹಡಗಿನ ಆಕಾರ ಕಾಣಿಸಿತು.